ಹನ್ನೆರಡನೇ ನಂಬರಿನ ಕಲ್ಲು

ಮಕ್ಕಳು ಸ್ಪರ್ಧೆಗೆಂದು ಕಲ್ಲು ತಂದು ನನ್ನ ಮೇಜಿನ ಮೇಲೆ ಇಟ್ಟಾಗ ನಾನು ಅದರ ಹೆಸರು ಕೇಳುತ್ತಿರಲಿಲ್ಲ. ಬಣ್ಣ, ತೂಕ, ಹೊಳಪು ಎಲ್ಲ ಆಮೇಲೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಇದನ್ನ ಯಾರನ್ನ ಕೇಳಿ ತಂದಿ?’ ಹೊಲದಲ್ಲಿ ಸಿಕ್ಕಿತು ಎಂದರೆ ಯಾರ ಹೊಲ ಎಂದು ಕೇಳುತ್ತಿದ್ದೆ. ದಾರಿಯಲ್ಲಿ ಸಿಕ್ಕಿತು ಎಂದರೆ ಯಾವ ದಾರಿ ಎಂದು ಕೇಳುತ್ತಿದ್ದೆ. ಬೆನ್ನ ಹಿಂದೆ ಮಕ್ಕಳು ನನ್ನನ್ನು ‘ಪೊಲೀಸ್ ಟೀಚರ್’ ಅನ್ನುತ್ತಿದ್ದರಂತೆ. ಅನ್ನಲಿ. ಕದ್ದ ಕಲ್ಲನ್ನು ಕೈಯಲ್ಲಿ ಹಿಡಿದು ಇಡೀ ಒಂದು ದಿನ ಕಳೆದವಳಿಗೆ ಮಾತ್ರ ಆ ಪ್ರಶ್ನೆಯ ಬೆಲೆ ಗೊತ್ತು.

ನಾನು ಹುಟ್ಟಿ ಬೆಳೆದದ್ದು ಮಸ್ಕಿಯಲ್ಲಿ, ಗುಡ್ಡದ ಬುಡದ ಒಂದು ಓಣಿಯಲ್ಲಿ. ಅವ್ವ ನನಗೆ ನೆನಪಿಲ್ಲದಷ್ಟು ಹಿಂದೆಯೇ ತೀರಿಕೊಂಡಿದ್ದಳು. ಸಿಂಧನೂರು ಕಡೆ ಕಾಲುವೆಗೆ ನೀರು ಬಂದು ಕೆಲವು ವರ್ಷ ಆಗಿದ್ದರೂ ಮರಿಗಾಲುವೆ ತೋಡುವ ಕೆಲಸ ಇನ್ನೂ ಮುಗಿದಿರಲಿಲ್ಲ. ಅಪ್ಪ ಆ ಕೆಲಸದ ಮೇಲೆ ಅಲ್ಲಿಯ ಕ್ಯಾಂಪಿನಲ್ಲೇ ಇರುತ್ತಿದ್ದ, ಮನೆಗೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅಜ್ಜಿ, ಅಕ್ಕ, ನಾನು. ಅಕ್ಕ ಮದುವೆಯಾಗಿ ತುರ್ವಿಹಾಳಕ್ಕೆ ಹೋದ ಮೇಲೆ ಅಜ್ಜಿ ಮತ್ತು ನಾನು. ಅಜ್ಜಿಗೆ ಮಾತು ಕಡಿಮೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಬ್ಬರಿಗೂ ಚೆನ್ನಾಗಿಯೇ ಹೊಂದುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಕಲ್ಲಿತ್ತು. ಅಂಗೈಯಷ್ಟು ಉದ್ದ, ನಾಲಿಗೆಯ ಆಕಾರ, ಒಂದು ಕಡೆ ದುಂಡಗೆ, ಇನ್ನೊಂದು ಕಡೆ ತೆಳ್ಳಗೆ ಅಂಚು. ಹರಳೆಣ್ಣೆ ಕುಡಿದು ಕುಡಿದು ಕಪ್ಪಗೆ ಮಿಂಚುತ್ತಿತ್ತು. ಅಜ್ಜಿಯ ಮಾವ ಹೊಲ ಉಳುವಾಗ ಸಿಕ್ಕಿದ್ದಂತೆ. ಸಿಡಿಲು ಬಡಿದಾಗ ಆಕಾಶದಿಂದ ನೆಲಕ್ಕೆ ಇಳಿದದ್ದು ಎಂದು ಓಣಿಯೆಲ್ಲ ನಂಬಿತ್ತು. ಅದಕ್ಕೇ ಅದು ಸಿಡಿಲಗುಂಡು. ಹಸಿರು ಖಣದ ಬಟ್ಟೆಯಲ್ಲಿ ಸುತ್ತಿ, ಮೂರು ಗಂಟು ಹಾಕಿ, ಅಜ್ಜಿ ಅದನ್ನು ತನ್ನ ಸಂದೂಕದ ತಳದಲ್ಲಿ ಇಡುತ್ತಿದ್ದಳು. ಯಾರಿಗಾದರೂ ಹೆರಿಗೆ ಬೇನೆ ಶುರುವಾದರೆ ಅದು ಹೊರಗೆ ಬರುತ್ತಿತ್ತು. ಹಾಲಿನಲ್ಲಿ ತೊಳೆದು, ಮತ್ತೆ ಸುತ್ತಿ, ಹೆರುವವಳ ಮಂಚದ ಕೆಳಗೆ ಇಟ್ಟರೆ ತಾಯಿಗೂ ಕೂಸಿಗೂ ಅಪಾಯ ಇಲ್ಲ ಎಂಬುದು ಮಾತು.

ಆ ಕಲ್ಲು ನಮ್ಮ ಮನೆಯದಾದರೂ ನಮ್ಮದೊಂದೇ ಆಗಿರಲಿಲ್ಲ. ಯಾವ ಓಣಿಯವರು ಬಂದರೂ, ಯಾವ ಜಾತಿಯವರು ಬಂದರೂ ಕೊಡಬೇಕು. ಬಂದವರು ಹೊಸ್ತಿಲ ಹೊರಗೆ ನಿಂತು ‘ಕಲ್ಲು ಕೊಡ್ರಿ’ ಅನ್ನಬೇಕು. ಅಜ್ಜಿ ‘ಯಾರಿಗೆ?’ ಎಂದು ಕೇಳಬೇಕು. ಅವರು ಇಂಥವರಿಗೆ ಎಂದು ಹೇಳಬೇಕು. ಅಷ್ಟೇ. ಮರುಮಾತಿಲ್ಲದೆ ಅಜ್ಜಿ ಎರಡೂ ಕೈಯಲ್ಲಿ ಎತ್ತಿ ಕೊಡುತ್ತಿದ್ದಳು. ನಾನು ಇದನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಹೈಸ್ಕೂಲು ಸೇರಿ ವಿಜ್ಞಾನದ ಪುಸ್ತಕ ಕೈಗೆ ಬಂದ ಮೇಲೆ ಮಾತ್ರ ಅದನ್ನು ನೋಡಿ ಮೂಗು ಮುರಿಯುವುದನ್ನು ಕಲಿತೆ.

ಅಕ್ಕನ ಮೊದಲ ಹೆರಿಗೆ ತುರ್ವಿಹಾಳದಲ್ಲೇ ಆಯಿತು. ಅವಳ ಗಂಡನ ಮನೆಯವರ ಹೊಲಕ್ಕೆ ಆಗ ತಾನೇ ಕಾಲುವೆ ನೀರು ಬಂದು ಮೊದಲ ಭತ್ತ ಕೊಯ್ಲಿಗೆ ನಿಂತಿತ್ತು. ಮನೆಯಲ್ಲಿ ಕೈ ಸಾಲದು, ಸುಗ್ಗಿ ಮುಗಿದ ಮೇಲೆ ಕಳಿಸುತ್ತೇವೆ ಎಂದರು. ಸುಗ್ಗಿ ಮುಗಿಯುವ ಮೊದಲೇ ಬೇನೆ ಬಂತು. ಕೂಸು ಉಳಿಯಲಿಲ್ಲ. ಅಕ್ಕ ಮಸ್ಕಿಗೆ ಬಂದಾಗ ಅಜ್ಜಿಯ ತೊಡೆಯ ಮೇಲೆ ತಲೆ ಇಟ್ಟು ಹೇಳಿದ್ದು ಒಂದೇ ಮಾತು: ‘ಅಲ್ಲಿ ಕಲ್ಲು ಇರಲಿಲ್ಲ ಅಜ್ಜೀ.’ ಅಜ್ಜಿ ಆ ಮಾತನ್ನು ಅಲ್ಲಗಳೆಯಲಿಲ್ಲ. ಅವಳೂ ಹಾಗೆಯೇ ನಂಬಿದ್ದಳು.

ಎರಡನೇ ಸಲ ಅಕ್ಕ ಏಳು ತಿಂಗಳಿಗೇ ನಮ್ಮ ಮನೆಗೆ ಬಂದು ಕೂತಳು. ದಿನಕ್ಕೊಮ್ಮೆಯಾದರೂ ಸಂದೂಕದ ಕಡೆ ನೋಡಿ ‘ಐತಲ್ಲ ಅಜ್ಜೀ?’ ಅನ್ನುತ್ತಿದ್ದಳು. ‘ಐತಿ’ ಅನ್ನುತ್ತಿದ್ದಳು ಅಜ್ಜಿ. ನನಗೆ ಕೇಳಿ ಕೇಳಿ ಬೇಜಾರು.

ಅದೇ ಆಷಾಢದಲ್ಲಿ ಲಿಂಗಸುಗೂರಿನಲ್ಲಿ ಕಲ್ಲು ಮಣ್ಣಿನ ಸ್ಪರ್ಧೆ ಎಂದು ಶಾಲೆಗೆ ಸುದ್ದಿ ಬಂತು. ಕಾಲುವೆ ತೋಡುವಾಗ ನಮ್ಮ ಸೀಮೆಯ ನೆಲದ ಹೊಟ್ಟೆ ಜನರ ಕಣ್ಣೆದುರೇ ತೆರೆದುಕೊಂಡಿತ್ತಲ್ಲ, ಜನಕ್ಕೆ ಅದರ ಮೇಲೆ ಆಸಕ್ತಿ ಹುಟ್ಟಲಿ ಎಂದು ಯಾರೋ ತಿಳಿದವರು ಮಾಡಿದ ಏರ್ಪಾಡು. ತಮ್ಮ ಊರಿನ ಒಂದು ಕಲ್ಲನ್ನೋ ಮಣ್ಣನ್ನೋ ತರಬೇಕು. ಅದು ಸಿಕ್ಕ ಜಾಗದ ಚಿತ್ರ ಬರೆಯಬೇಕು. ಅದರ ಕಥೆಯನ್ನು ಐದು ನಿಮಿಷ ನಿಂತು ಹೇಳಬೇಕು. ಗೆದ್ದವರು ರಾಯಚೂರಿನ ಪ್ರದರ್ಶನಕ್ಕೆ. ನಾನು ಅಲ್ಲಿಯವರೆಗೆ ರಾಯಚೂರನ್ನು ನೋಡಿರಲಿಲ್ಲ. ನಮ್ಮ ತರಗತಿಯಲ್ಲಿ ಹುಡುಗಿಯರು ಮೂವರೇ. ನಾನು ಗೆದ್ದೇ ಗೆಲ್ಲುತ್ತೇನೆ ಎಂದು ಉಳಿದವರೆಲ್ಲರ ಮುಂದೆ ಸಾರಿಬಿಟ್ಟಿದ್ದೆ.

ಗುಡ್ಡದ ಹಿಂದಿನಿಂದ ಒಂದು ಬಿಳಿ ಬೆಣಚುಕಲ್ಲು ಆರಿಸಿ ತಂದು, ಹುಣಸೆಹುಳಿಯಲ್ಲಿ ತಿಕ್ಕಿ ತಿಕ್ಕಿ ಹಲ್ಲಿನಂತೆ ಬೆಳ್ಳಗೆ ಮಾಡಿದೆ. ಸ್ಪರ್ಧೆಯ ಹಿಂದಿನ ದಿನ ವಿಜ್ಞಾನದ ಮಾಸ್ತರರಿಗೆ ತೋರಿಸಿದೆ. ಅವರು ಅದನ್ನು ಒಮ್ಮೆ ಮೇಲಕ್ಕೆ ಎಸೆದು ಹಿಡಿದರು.

‘ಇದು ಎಲ್ಲಾರ ಹಿತ್ತಲದಾಗೂ ಐತೆಲ್ಲವಾ. ಇದಕ್ಕೇನು ಇನಾಮು ಬರ್ತೈತಿ?’ ಎಂದು ನಕ್ಕರು. ಇಡೀ ತರಗತಿ ನಕ್ಕಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ನಗು ನನ್ನ ಹಿಂದೆಯೇ ಬಂತು. ಯಾರ ಹಿತ್ತಲದಲ್ಲೂ ಇಲ್ಲದ ಕಲ್ಲು ಯಾವುದು ಎಂದು ನಾನು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಸೂಲಗಿತ್ತಿ ಬಂದು ನೋಡಿ ಅಕ್ಕನಿಗೆ ಇನ್ನೂ ಹದಿನೈದು ದಿನ ಇದೆ ಎಂದು ಹೇಳಿ ಹೋಗಿದ್ದಳು. ಬೆಳಿಗ್ಗೆ ಒಯ್ದು ಸಂಜೆ ತಂದಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅಜ್ಜಿ ನೀರಿಗೆ ಹೋದಾಗ ಸಂದೂಕ ತೆಗೆದು, ಮೂರು ಗಂಟು ಬಿಚ್ಚಿ, ಸಿಡಿಲಗುಂಡನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಗಂಟು ಹಗುರ ಆಗಬಾರದೆಂದು ಅದೇ ಬಟ್ಟೆಯಲ್ಲಿ ನನ್ನ ಬೆಣಚುಕಲ್ಲನ್ನು ಸುತ್ತಿ, ಮೂರು ಗಂಟು ಹಾಕಿ, ಇದ್ದ ಹಾಗೆಯೇ ಇಟ್ಟೆ. ಇಷ್ಟು ಜಾಣತನ ನಾನು ಲೆಕ್ಕದಲ್ಲಿ ತೋರಿಸಿದ್ದರೆ ಆ ವರ್ಷ ನಪಾಸಿನ ಅಂಚಿಗೆ ಬರುತ್ತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖ ಸ್ವಲ್ಪ ಬಾಡಿತ್ತು. ‘ನಡ ಯಾಕೋ ಹಿಡದಂಗ ಆಗೈತಿ’ ಎಂದಳು. ‘ಗೆದ್ದು ಬಾ’ ಎಂದಳು. ನಾನು ಅವಳ ಕಣ್ಣಿಗೆ ಕಣ್ಣು ಕೊಡದೆ ಬಸ್ಸಿಗೆ ಓಡಿದೆ.

ಲಿಂಗಸುಗೂರಿನ ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಆಷಾಢದ ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲೇ ಒಬ್ಬ ಗುಮಾಸ್ತ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತಿದ್ದ. ನಾನು ಬೇಡ ಅನ್ನುವಷ್ಟರಲ್ಲಿ ಅವನು ಸಿಡಿಲಗುಂಡಿನ ಮೈಮೇಲೆ ಬಿಳಿ ಎಣ್ಣೆಬಣ್ಣದಲ್ಲಿ ೧೨ ಎಂದು ದಪ್ಪಗೆ ಬರೆದುಬಿಟ್ಟ. ಬೆರಳಿನಿಂದ ಒರೆಸಲು ಹೋದೆ. ‘ಏ, ಅಳಿಸಬ್ಯಾಡ, ನಂಬರ್ ಇಲ್ಲಂದ್ರ ಒಳಗ ಬಿಡಂಗಿಲ್ಲ’ ಎಂದು ಗದರಿದ. ಸೀಮೆಎಣ್ಣೆ ಹಾಕಿ ತಿಕ್ಕಿದರೆ ಹೋದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ನನ್ನ ಜಾಗಕ್ಕೆ ಹೋಗಿ ನಿಂತೆ.

ಮೇಜುಗಳ ಮೇಲೆ ಏನೇನಿತ್ತೋ. ತುರ್ವಿಹಾಳದ ಕಡೆಯವರು ಗಾಜಿನ ಭರಣಿಯಲ್ಲಿ ಕಾಲುವೆ ತೋಡಿದಾಗ ಸಿಕ್ಕಂತೆಯೇ ನೆಲದ ಪದರು ಜೋಡಿಸಿದ್ದರು: ಮೇಲೆ ಎರೆಮಣ್ಣು, ಅದರ ಕೆಳಗೆ ಸುಣ್ಣದ ಹರಳು, ಅದರ ಕೆಳಗೆ ಗರಸು, ತಳದಲ್ಲಿ ಬಂಡೆಯ ಚೂರು. ಪಾಮನಕಲ್ಲೂರಿನ ಒಬ್ಬಾಕೆ ತನ್ನೂರಿನ ಏಳು ಬಣ್ಣದ ಮಣ್ಣನ್ನು ಅಂಟಿನಲ್ಲಿ ಕಲಸಿ ಹಲಗೆಯ ಮೇಲೆ ಊರಿನ ಚಿತ್ರವನ್ನೇ ಬರೆದಿದ್ದಳು. ಹಟ್ಟಿಯವರ ಮೇಜಿನ ಮೇಲೆ ಬೆಂಕಿಕಡ್ಡಿಯಲ್ಲಿ ಕಟ್ಟಿದ ಚಿನ್ನದ ಗಣಿ. ನೋಡಿ ಸಂತೋಷಪಡುವ ಮನಸ್ಸು ನನಗೆ ಇದ್ದದ್ದು ಅರ್ಧ ಗಂಟೆ ಮಾತ್ರ.

ಪರೀಕ್ಷಕರು ಬಂದರು. ಗಣಿಗಳಲ್ಲಿ ಕಲ್ಲು ನೋಡುವುದೇ ಕೆಲಸವಾದವರು, ಮೈಸೂರು ಕಡೆಯ ಮಾತು, ತಲೆಗೆ ಟೋಪಿ, ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ. ಮೊದಲ ಮೇಜಿನ ಕಲ್ಲನ್ನು ಎತ್ತಿ ತಿರುಗಿಸಿ ನೋಡಿದರು. ನೆಲಕ್ಕೆ ಇಟ್ಟರು. ಒಂದೇ ಏಟು. ಕಲ್ಲು ಎರಡು ಹೋಳಾಯಿತು.

‘ಕಲ್ಲಿನ ಮೇಲ್ಮೈ ನಂಬಬೇಡಿ ಮಕ್ಕಳೇ’ ಎಂದರು ಎಲ್ಲರಿಗೂ ಕೇಳುವಂತೆ. ‘ಬಿಸಿಲು, ಮಳೆ ತಿಂದು ಅದರ ಬಣ್ಣ ಬೇರೆ ಆಗಿರುತ್ತದೆ. ಒಡೆದ ಹೊಸ ಮುಖ ನೋಡಿದರೇನೇ ಅದು ಯಾವ ಕಲ್ಲು ಅಂತ ಹೇಳೋಕೆ ಆಗೋದು.’

ಜನ ಚಪ್ಪಾಳೆ ತಟ್ಟಿದರು. ಮಾಸ್ತರರು ತರಗತಿಯಲ್ಲಿ ಇದನ್ನೇ ಹೇಳಿದ್ದರು, ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ನಮ್ಮ ಮನೆಯ ಕಲ್ಲಿಗೂ ಆ ಪಾಠಕ್ಕೂ ಸಂಬಂಧ ಇದೆ ಎಂದು ಮಾತ್ರ ತಲೆಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಕಲ್ಲನ್ನು ತೊಳೆಯುತ್ತಾರೆ, ಎಣ್ಣೆ ಹಚ್ಚುತ್ತಾರೆ, ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒಡೆದು ನೋಡುತ್ತಾರೆಂದು ಯಾರಿಗೆ ಗೊತ್ತು?

ಎರಡು. ಮೂರು. ನಾಲ್ಕು. ಸುತ್ತಿಗೆಯ ಸದ್ದು ನನ್ನ ಕಡೆ ಬರುತ್ತಾ ಇತ್ತು. ಬಯಲಿನಲ್ಲಿ ಬಿದ್ದ ಯಾವುದೋ ಕರಿ ಕಲ್ಲನ್ನು ತಂದು ಇಟ್ಟರೆ? ಇಟ್ಟರೆ ಅದರ ಮೇಲೆ ನಂಬರಿಲ್ಲ. ಹೊಟ್ಟೆನೋವು ಎಂದು ಕೂಗಿ ಹೊರಗೆ ಓಡಿದರೆ? ಮಾಸ್ತರರು ನನ್ನ ಹಿಂದೆಯೇ ನಿಂತಿದ್ದರು, ಅವರ ಮುಖದ ಹಿಗ್ಗು ನೋಡಿದರೆ ಓಡಲು ಕಾಲು ಬರುತ್ತಿರಲಿಲ್ಲ. ನಾನು ಬೆಣಚುಕಲ್ಲು ಬಿಟ್ಟು ಇಂಥ ಕಲ್ಲು ತಂದದ್ದು ನೋಡಿ ಅವರು ಬೆಳಿಗ್ಗೆಯಿಂದ ಉಬ್ಬಿಹೋಗಿದ್ದರು. ಎಂಟು. ಒಂಬತ್ತು. ಹತ್ತನೆಯದು ಗಟ್ಟಿ ಇತ್ತು, ಮೂರು ಏಟು ತಿಂದಿತು. ಆ ಮೂರು ಏಟಿನ ನಡುವೆ ನಾನು ಅಜ್ಜಿಯ ಎಲ್ಲ ದೇವರಿಗೂ ಹರಕೆ ಹೊತ್ತೆ. ಹರಕೆ ಹೊರುವವರನ್ನು ಕಂಡರೆ ನಗುತ್ತಿದ್ದವಳು.

‘ನಂಬರ್ ಹನ್ನೆರಡು. ಹೇಳಮ್ಮ.’

ಹೇಳಿದೆ. ಬಾಯಿಪಾಠ ಮಾಡಿದ್ದನ್ನೇ ಗಿಳಿಯಂತೆ ಒಪ್ಪಿಸಿದೆ. ಗುಡ್ಡದ ಬಳಿಯ ಹೊಲದಲ್ಲಿ ಸಿಕ್ಕಿತು, ಭೂಮಿಯ ಒಳಗಿನ ಬಿಸಿಯಿಂದ ಹುಟ್ಟಿದ ಕರಿ ಕಲ್ಲು ಇರಬಹುದು ಎಂದೆಲ್ಲ ಹೇಳಿದೆ. ಪರೀಕ್ಷಕರು ತಲೆದೂಗಿದರು. ‘ಭೇಷ್. ಒಳಗೆ ನೋಡೋಣ’ ಎಂದು ಸಿಡಿಲಗುಂಡನ್ನು ನೆಲಕ್ಕೆ ಇಟ್ಟು, ಒಂದು ಮಂಡಿ ಊರಿ ಕೂತರು.

‘ಬ್ಯಾಡ್ರಿ’ ಎಂದೆ.

‘ಯಾಕಮ್ಮ?’

ಮಾಸ್ತರರು ಮುಂದೆ ಬಂದರು. ‘ಒಡೀರಿ ಸರ್. ಸಣ್ಣ ಹುಡುಗಿ, ಅಂಜ್ಯಾಳ’ ಎಂದರು.

ಸುತ್ತಿಗೆ ಮೇಲೆ ಹೋಯಿತು. ನಾನು ಕೂತು ಕಲ್ಲಿನ ಮೇಲೆ ಅಂಗೈ ಇಟ್ಟೆ. ಯೋಚಿಸಿ ಇಟ್ಟದ್ದಲ್ಲ. ಪರೀಕ್ಷಕರ ಕೈ ಗಾಳಿಯಲ್ಲೇ ನಿಂತಿತು. ನಿಲ್ಲದಿದ್ದರೆ ಈ ಬರಹವನ್ನು ಎಡಗೈಯಲ್ಲಿ ಬರೆಯಬೇಕಾಗಿತ್ತು.

‘ಹುಚ್ಚು ಹುಡುಗಿ! ಬೆರಳು ಹೋಗ್ತಿತ್ತಲ್ಲ!’ ಎಂದು ಅವರು ಕೂಗಿದರು. ಪೆಂಡಾಲಿನ ಜನವೆಲ್ಲ ನಮ್ಮ ಕಡೆ ತಿರುಗಿತು.

ಆಗ ಹೇಳಿಬಿಟ್ಟೆ. ‘ಅದು ನಮ್ಮನಿ ದೇವ್ರು ಐತ್ರಿ, ಸಿಡಿಲಗುಂಡು. ಹಡಿಯೋರ ಮಂಚದ ಕೆಳಗ ಇಡ್ತಾರ. ನಮ್ಮಕ್ಕಗ ದಿನ ತುಂಬ್ಯಾವ. ನಾ ಅಜ್ಜಿಗೆ ಹೇಳದಂಗ ಕದ್ದು ತಂದೀನ್ರಿ.’

ಕೆಲವರು ನಕ್ಕರು. ಮಾಸ್ತರರು ಇಂಗು ತಿಂದ ಮಂಗನ ಹಾಗೆ ನಿಂತರು. ನೋಡಲು ಬಂದಿದ್ದ ಒಬ್ಬ ಮುದುಕಿ ಮಾತ್ರ ತನ್ನ ಚಪ್ಪಲಿ ಬಿಟ್ಟು ದೂರದಿಂದಲೇ ಕೈ ಮುಗಿದಳು. ಅದನ್ನು ಕಂಡು ನಗುವವರ ಬಾಯಿ ಮುಚ್ಚಿತು.

ಪರೀಕ್ಷಕರು ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. ಕಲ್ಲನ್ನು ಎತ್ತಿಕೊಂಡು, ಅದರ ತೆಳ್ಳನೆಯ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಅವರ ಮುಖವೇ ಬದಲಾಯಿತು.

‘ಇದು ಸಿಡಿಲಿನ ಜೊತೆ ಬಿದ್ದದ್ದಲ್ಲಮ್ಮ’ ಎಂದರು, ದನಿ ತಗ್ಗಿಸಿ. ‘ಇದನ್ನ ಮನುಷ್ಯರು ಉಜ್ಜಿ ಉಜ್ಜಿ ಮಾಡಿದ್ದಾರೆ. ಕಬ್ಬಿಣ ಅನ್ನೋದು ಗೊತ್ತಿಲ್ಲದ ಕಾಲದ ಕೊಡಲಿ ಇದು. ನಿಮ್ಮ ಮಸ್ಕಿಯಲ್ಲಿ ಸಾವಿರಾರು ವರ್ಷದ ಹಿಂದೆ ಯಾರೋ ಕೂತು ಮಾಡಿದ್ದು. ನಾನು ಒಡೆದುಬಿಡ್ತಿದ್ದೆನಲ್ಲ.’

ಇಷ್ಟು ವರ್ಷ ಕಣ್ಣೆದುರು ಇದ್ದ ಕಲ್ಲಿನ ಹಿಂದೆ ಒಬ್ಬ ಮನುಷ್ಯನ ಕೈ ಇತ್ತು ಎಂದು ತಿಳಿದಾಗ ಆದ ಆ ಬೆರಗೇ ಮುಂದೆ ನನ್ನನ್ನು ವಿಜ್ಞಾನದ ಟೀಚರ್ ಮಾಡಿತು. ಅದನ್ನು ನಾನು ಸುಳ್ಳು ಎನ್ನಲಾರೆ. ಆದರೆ ಅದೇ ಬೆರಗು ಇನ್ನೊಂದು ಕೆಲಸವನ್ನೂ ಮಾಡಿತು.

ಪರೀಕ್ಷಕರು ಎಲ್ಲರ ಮುಂದೆ ಹೇಳಿದರು: ಕಲ್ಲಿಗೂ, ಕಲ್ಲಿನ ಕಥೆಗೂ, ನಿಜ ಹೇಳಿದ್ದಕ್ಕೂ ಸೇರಿಸಿ ಮೊದಲ ಬಹುಮಾನ ಹನ್ನೆರಡನೇ ನಂಬರಿಗೆ. ರಾಯಚೂರಿನ ಪ್ರದರ್ಶನಕ್ಕೆ ಈ ಕಲ್ಲು ಹೋಗಲೇಬೇಕು. ಎಂಟು ದಿನ ತಮ್ಮ ಹತ್ತಿರ ಇರಲಿ, ಪ್ರದರ್ಶನ ಮುಗಿದೊಡನೆ ತಾವೇ ಜೀಪಿನಲ್ಲಿ ತಂದು ಅಜ್ಜಿಯ ಕೈಗೆ ಕೊಡುತ್ತೇವೆ ಎಂದರು. ‘ಮನೆಯವರು ಬೇಡ ಅಂದರೆ ಈಗಲೇ ಒಯ್ಯಿ. ನಿನ್ನಿಷ್ಟ’ ಎಂದೂ ಹೇಳಿದರು. ಒಳ್ಳೆಯ ಮನುಷ್ಯ. ತಪ್ಪನ್ನು ಅವರ ತಲೆಗೆ ಕಟ್ಟಲು ನನಗೆ ದಾರಿಯೇ ಇಲ್ಲ.

ನಾನು ಬೇಡ ಅನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಹದಿನೈದು ದಿನ ಇದೆಯಲ್ಲ, ಎಂಟು ಕಳೆದರೂ ಏಳು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ರಾಯಚೂರು ನೋಡುತ್ತೇನೆ, ಪೇಪರಿನಲ್ಲಿ ಬರುತ್ತದೆ, ನಕ್ಕವರೆಲ್ಲ ಬಾಯಿ ಮುಚ್ಚುತ್ತಾರೆ. ಅಜ್ಜಿಗೆ ಏನಾದರೂ ಹೇಳಿದರಾಯಿತು. ಹೇಗಿದ್ದರೂ ಅದು ಕೊಡಲಿ, ದೇವರಲ್ಲ. ಹೀಗೆ ಯೋಚಿಸುತ್ತಾ ಪೆಂಡಾಲಿನ ಕಂಬ ಹಿಡಿದು ನಿಂತೇ ಇದ್ದೆ. ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಮಧ್ಯಾಹ್ನದ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೋಯಿತು. ಕೇಳಿಸಿತು. ಕೇಳಿಸಿಯೂ ನಿಂತಿದ್ದೆ.

ಊಟವಾದ ಮೇಲೆ ಬಹುಮಾನ ಹಂಚಲು ವೇದಿಕೆಯ ಮೇಲೆ ಮೇಜು ಹಾಕಿದರು. ಗಾಳಿ ಜೋರಾಗಿತ್ತು, ಪ್ರಶಸ್ತಿ ಪತ್ರಗಳು ಮೇಜಿನ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ನಂಬರ್ ಬರೆದ ಗುಮಾಸ್ತ ಅತ್ತಿತ್ತ ನೋಡಿದ. ಸಿಡಿಲಗುಂಡನ್ನು ಎತ್ತಿ ಕಾಗದದ ಕಟ್ಟಿನ ಮೇಲೆ ಕುಕ್ಕಿದ. ಅದರ ಮೇಲೆ ತನ್ನ ಚಹಾದ ಬಸಿಯನ್ನು ಇಟ್ಟ. ಬಸಿಯಲ್ಲಿ ಅರ್ಧ ಸೇದಿದ ಬೀಡಿ ಇತ್ತು.

ನನಗೆ ಏನಾಯಿತೋ. ಅದು ದೇವರಲ್ಲ, ಕೊಡಲಿ ಎಂದು ಒಪ್ಪಿಕೊಂಡ ಮೇಲೂ ಅಜ್ಜಿ ಅದನ್ನು ಎತ್ತುವ ರೀತಿ ಕಣ್ಣಿಗೆ ಬಂತು: ಎರಡೂ ಕೈ, ತಲೆ ಮೇಲೆ ಸೆರಗು. ಸಿಟ್ಟು ನೆತ್ತಿಗೇರಿತು. ವೇದಿಕೆ ಹತ್ತಿ ಬಸಿಯನ್ನು ಒಂದು ಕಡೆ ದೂಡಿ ಕಲ್ಲನ್ನು ಕಿತ್ತುಕೊಂಡೆ. ಕಾಗದಗಳೆಲ್ಲ ಗಾಳಿಗೆ ಎದ್ದವು. ಗುಮಾಸ್ತ ‘ಏ! ಏ!’ ಎಂದು ಅವುಗಳ ಹಿಂದೆ ಓಡಿದ. ‘ನಿಂದ್ರಲೇ!’ ಎಂದು ಮಾಸ್ತರರು ನನ್ನ ಹಿಂದೆ ಓಡಿದರು. ನಾನು ಲಂಗದ ಮಡಿಲಿನಲ್ಲಿ ಕಲ್ಲು ಕಟ್ಟಿಕೊಂಡು ಬಸ್ ನಿಲ್ದಾಣ ಮುಟ್ಟುವವರೆಗೆ ಹಿಂದೆ ತಿರುಗಲಿಲ್ಲ. ನನ್ನ ಮೊದಲ ಬಹುಮಾನದ ಪತ್ರ ಲಿಂಗಸುಗೂರಿನ ಯಾವ ಜಾಲಿಗಿಡಕ್ಕೆ ಸಿಕ್ಕಿಕೊಂಡಿತೋ ಇವತ್ತಿಗೂ ಗೊತ್ತಿಲ್ಲ.

ಮೂರು ಗಂಟೆಯ ಬಸ್ಸು ಮೂರೂವರೆಗೆ ಹೊರಟಿತು. ದಾರಿಯಲ್ಲಿ ರಸ್ತೆಗೆ ಗರಸು ಸುರಿಯುವ ಲಾರಿಗಳು ಅಡ್ಡ ನಿಂತಿದ್ದವು. ಡ್ರೈವರ್ ಇಳಿದು ಬೀಡಿ ಹಚ್ಚಿದ. ನಾನು ಕಿಟಕಿಯಿಂದ ತಲೆ ಹಾಕಿ ‘ಜಲ್ದಿ ನಡೀರಿ, ನಮ್ಮಕ್ಕ ಹಡಿಯಾಕತ್ಯಾಳ’ ಎಂದು ಕೂಗಿದೆ. ಯಾಕೆ ಹಾಗೆ ಕೂಗಿದೆನೋ! ಅವಳಿಗೆ ಬೇನೆ ಬಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೇಗ ಹೋಗಲೆಂದು ಹೇಳಿದ ಸುಳ್ಳು ಅದು. ಆದರೆ ಹೇಳಿದ ಗಳಿಗೆಯಲ್ಲೇ ಬೆಳಿಗ್ಗೆ ಅವಳು ನಡ ಹಿಡಿದಂತಾಗಿದೆ ಎಂದದ್ದು ನೆನಪಾಯಿತು. ಆಮೇಲೆ ಮಸ್ಕಿ ಬರುವವರೆಗೆ ಮಡಿಲಿನ ಕಲ್ಲನ್ನು ಬಿಗಿಯಾಗಿ ಹಿಡಿದು ಕೂತಿದ್ದೆ.

ಓಣಿಯ ತಿರುವಿನಲ್ಲೇ ಕಂಡಿತು. ನಮ್ಮ ಮನೆಯ ಮುಂದೆ ಹೆಂಗಸರು ನಿಂತಿದ್ದರು. ಕಾಲು ಎಳೆಯುತ್ತಾ ಹತ್ತಿರ ಹೋದೆ. ಆಗ ಒಳಗಿನಿಂದ ಕೂಸು ಅತ್ತಿತು. ಅಷ್ಟು ಕರ್ಕಶವಾದ, ಅಷ್ಟು ಚೆಂದದ ದನಿಯನ್ನು ನಾನು ಮತ್ತೆ ಕೇಳಿಲ್ಲ.

‘ಹೆಣ್ಣು’ ಎಂದಳು ಬಾಗಿಲಲ್ಲಿದ್ದ ಸೂಲಗಿತ್ತಿ. ‘ಅಡ್ಡ ತಿರುಗಿತ್ತು ನೋಡು. ಮುಂಜಾನಿಂದ ಹೈರಾಣ ಮಾಡಿಬಿಡ್ತು. ಇಬ್ರೂ ಪಾರಾಗ್ಯಾರ. ಕಲ್ಲು ಇತ್ತಲ್ಲ, ಹಂಗಂತ ಉಳಕೊಂಡ್ರು.’

ಒಳಗೆ ಇಣುಕಿದೆ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು, ಕೂದಲು ಹಣೆಗೆ ಅಂಟಿತ್ತು. ಮಂಚದ ಕೆಳಗೆ ಹಸಿರು ಖಣದ ಗಂಟು ಇತ್ತು. ಮೂರು ಗಂಟು ಹಾಕಿತ್ತು. ಅದರೊಳಗೆ ಏನಿದೆ ಎಂದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಹಾಲಿನಲ್ಲಿ ತೊಳೆಯಲು ಬಿಚ್ಚಿದವಳಿಗೆ ಗೊತ್ತಾಗದೆ ಇರುತ್ತದೆಯೇ?

ಅಜ್ಜಿ ಹಿತ್ತಲದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಎದುರಿಗೆ ಹೋಗಿ ಮಡಿಲು ಬಿಚ್ಚಿದೆ. ಅಜ್ಜಿ ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಿಳಿ ಬಣ್ಣವನ್ನು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಕಣ್ಣಿಗೆ ಒತ್ತಿಕೊಂಡಳು. ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. ಅವಳ ಕೆಳತುಟಿ ಬಾತಿತ್ತು, ನಡುವೆ ಹಲ್ಲು ಊರಿದ ಗಾಯದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆತ್ತವಳ ತುಟಿ ಹಾಗೆ ಆಗಿದ್ದರೆ ಅರ್ಥವಿತ್ತು.

‘ಬಿಚ್ಚಿದ್ರ ಬೆಣಚುಕಲ್ಲು ಕಂಡ್ತು’ ಎಂದಳು ಅಜ್ಜಿ. ‘ಕೈಕಾಲು ತಣ್ಣಗಾದ್ವು ನನಗ. ಯಾರ ಮುಂದ ಹೇಳ್ಲಿ? ಒಬ್ರಿಗೆ ಹೇಳಿದ್ರೂ ನಿಮ್ಮಕ್ಕನ ಕಿವಿಗೆ ಬೀಳ್ತಿತ್ತು. ಅದನ್ನ ಸುತ್ತಿ ಅಲ್ಲೇ ಇಟ್ಟೆ. ಐತಲ್ಲ ಅಜ್ಜೀ, ಐತಲ್ಲ ಅಜ್ಜೀ ಅಂತ ಅಕಿ ಒದರೂ ಮುಂದ ಐತಿ, ಐತಿ ಅಂದೆ. ಎಲ್ಲಾರಿಗೂ ಕಲ್ಲಿನ ಧೈರ್ಯ ಇತ್ತು. ಅದು ಇಲ್ಲ ಅಂತ ಗೊತ್ತಿದ್ದಾಕಿ ನಾ ಒಬ್ಬಾಕಿ.’

ನನಗೆ ಅಳು ಬಂತು. ಆ ಕಲ್ಲಿನಲ್ಲಿ ನಂಬಿಕೆ ಇಲ್ಲದ ನನಗೆ ಅದು ಒಂದು ದಿನ ಮನೆಯಲ್ಲಿ ಇಲ್ಲದಿದ್ದರೆ ಏನೂ ನಷ್ಟವಿರಲಿಲ್ಲ. ಅಜ್ಜಿ ಅದನ್ನು ಉಸಿರಿನಂತೆ ನಂಬಿದ್ದಳು. ಮೊಮ್ಮಗಳು ಸಾಯುತ್ತಾಳೆಂದೇ ತಿಳಿದು, ಅವಳ ಕೈ ಹಿಡಿದು, ಬೆಳಿಗ್ಗೆಯಿಂದ ನಗುಮುಖ ಮಾಡಿಕೊಂಡು ಕೂತಿದ್ದಳು. ನಾನು ಆ ಹೊತ್ತಿನಲ್ಲಿ ಕಂಬ ಹಿಡಿದು ನಿಂತು ರಾಯಚೂರಿನ ಕನಸು ಕಾಣುತ್ತಿದ್ದೆ.

‘ಗೆದ್ದಿಯೇನ?’ ಎಂದು ಕೇಳಿದಳು.

‘ಇಲ್ಲ.’

‘ಕೇಳಿದ್ರ ಕೊಡತಿದ್ನೆಲ್ಲಬೇ’ ಎಂದಳು. ‘ಕೇಳಿದೋರಿಗೆ ಇಲ್ಲ ಅಂದಿದ್ದು ನೋಡೀಯೇನ ನೀ? ನಾನೂ ಸಂಗಾಟ ಬರ್ತಿದ್ದೆ. ನನ್ನ ಉಡ್ಯಾಗ ಇಟ್ಕೊಂಡು ಅಲ್ಲೇ ಕುಂದರ್ತಿದ್ದೆ.’

ಓಣಿಯ ಯಾರು ಕೇಳಿದರೂ ಕೊಡುವ ಕಲ್ಲನ್ನು ಆ ಮನೆಯಲ್ಲೇ ಹುಟ್ಟಿದ ನಾನು ಕದ್ದಿದ್ದೆ.

ಅಜ್ಜಿ ಎದ್ದಳು. ಹಿತ್ತಲ ಬಾಗಿಲ ಹೊಸ್ತಿಲ ಒಳಗೆ ಹೋಗಿ ನಿಂತು, ನನ್ನ ಕಡೆ ತಿರುಗಿದಳು. ಕಲ್ಲು ಅವಳ ಕೈಯಲ್ಲೇ ಇತ್ತು. ‘ಈಗ ಕೇಳು’ ಎಂದಳು.

ನಾನು ಹೊಸ್ತಿಲ ಹೊರಗೆ ನಿಂತೆ. ‘ಕಲ್ಲು ಕೊಡು ಅಜ್ಜೀ.’

‘ಯಾರಿಗೆ?’

‘ನಮ್ಮಕ್ಕಗ.’

ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಮಂಚದ ಪಕ್ಕ ಸದ್ದಿಲ್ಲದೆ ಕೂತು, ಗಂಟು ಬಿಚ್ಚಿ, ಬೆಣಚುಕಲ್ಲನ್ನು ತೆಗೆದು ಸಿಡಿಲಗುಂಡನ್ನು ಇಟ್ಟೆ. ಹನ್ನೆರಡು ಎಂಬ ನಂಬರು ಕೆಳಮುಖವಾಗುವಂತೆ ತಿರುಗಿಸಿ ಸುತ್ತುವಾಗ ಮೂರನೇ ಗಂಟು ಜಾರಿತು. ಅಕ್ಕ ಕಣ್ಣು ಬಿಟ್ಟಳು.

‘ಏನ್ ಮಾಡಾಕತ್ತಿ ಅಲ್ಲೆ?’

‘ಏನಿಲ್ಲ. ಗಂಟು ಸಡ್ಲ ಆಗಿತ್ತು.’

‘ಕಲ್ಲು ಐತಲ್ಲ?’

‘ಐತಿ’ ಎಂದೆ.